ಹಲಗೆಯ ಬಾಳಿಕೆ ಹಲಗೆಯ ಕೆಳಗಿದೆ
(ಬಳಗದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಳೆ ಮತ್ತು ಮರಗಳ ನಡುವೆ ಬದುಕುವ ನಾವು ಹಿಮ ಬೀಳುವ ನಾಡಿನ ಮನೆಗಳ ವಿಚಾರವನ್ನು ಏಕೆ ಮಾತನಾಡಬೇಕು ಎಂಬ ಪ್ರಶ್ನೆ ನಿಮ್ಮಲ್ಲಿ ಏಳುವುದು ಸಹಜ. ಇದಕ್ಕೆ ಎರಡು ಕಾರಣಗಳಿವೆ. ಮಲೆನಾಡಿನ ಎಷ್ಟೋ ಮನೆಗಳ ಮಕ್ಕಳು ಇಂದು ಅಮೆರಿಕ, ಕೆನಡಾಗಳ ಶೀತ ಪ್ರದೇಶಗಳಲ್ಲಿ ನೆಲೆಸಿದ್ದಾರೆ, ಅಲ್ಲಿಯೇ ಮನೆ ಮಾಡಿಕೊಂಡಿದ್ದಾರೆ. ನಮ್ಮ ಈ ಪತ್ರಿಕೆ ಅವರಲ್ಲಿ ಕೆಲವರ ಕೈಗೂ ಸೇರುತ್ತದೆ. ಎರಡನೆಯದಾಗಿ, 'ಪರಿಸರಸ್ನೇಹಿ' ಎಂಬ ಹಣೆಪಟ್ಟಿ ಹೊತ್ತು ಬರುವ ವಸ್ತುವನ್ನು ಹೇಗೆ ಒರೆಗೆ ಹಚ್ಚಬೇಕು ಎಂಬುದಕ್ಕೆ ಆ ನಾಡಿನ ಕಾಂಪೋಸಿಟ್ ಹಲಗೆ ಒಂದು ಒಳ್ಳೆಯ ಪಾಠ.

ಆ ದೇಶಗಳ ಮನೆಗಳ ಹಿಂಬದಿಯಲ್ಲಿ, ನೆಲದಿಂದ ಎತ್ತರಿಸಿ, ಸೂರಿಲ್ಲದ ಒಂದು ಹಲಗೆಯ ಜಗಲಿಯನ್ನು ಕಟ್ಟುತ್ತಾರೆ. ಅದಕ್ಕೆ ಡೆಕ್ ಎಂದು ಹೆಸರು. ಅದರ ಕಟ್ಟೋಣ ನಮಗೆ ಅಪರಿಚಿತವೇನಲ್ಲ: ಕೆಳಗೆ ಬುನಾದಿ, ಅದರ ಮೇಲೆ ಕಂಬ, ಕಂಬಗಳ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ. ಬೇಸಿಗೆಯ ಮೂರು ನಾಲ್ಕು ತಿಂಗಳು ಮನೆಮಂದಿ ಅಲ್ಲಿ ಕುಳಿತು ಉಣ್ಣುತ್ತಾರೆ. ಉಳಿದ ಕಾಲವೆಲ್ಲ ಅದು ಮಳೆ, ಹಿಮ, ಬಿಸಿಲುಗಳಿಗೆ ಮೈಯೊಡ್ಡಿ ನಿಂತಿರುತ್ತದೆ.

ಮರದಿಂದ ಮಿಶ್ರಣಕ್ಕೆ

ಹಿಂದೆ ಇದಕ್ಕೆ ಬಳಸುತ್ತಿದ್ದುದು ಹೆಚ್ಚಾಗಿ ಔಷಧಿ ಹಾಯಿಸಿದ ಪೈನ್ ಮರ. ಆ ಔಷಧಿಯಲ್ಲಿ ತಾಮ್ರ ಮತ್ತು ಕ್ರೋಮಿಯಂ ಜೊತೆಗೆ ಆರ್ಸೆನಿಕ್ ಇರುತ್ತಿತ್ತು. ಮಕ್ಕಳು ಬರಿಗಾಲಿನಲ್ಲಿ ಆಡುವ ಜಾಗದಲ್ಲಿ ಈ ವಿಷವೇಕೆ ಎಂಬ ಆಕ್ಷೇಪ ಬಲವಾದ ಮೇಲೆ, 2003ರ ಕೊನೆಗೆ ಅಮೆರಿಕದ ಉದ್ಯಮವು ಮನೆಬಳಕೆಯ ಮರಕ್ಕೆ ಅದನ್ನು ಹಾಯಿಸುವುದನ್ನು ನಿಲ್ಲಿಸಿತು. ಸಿರಿವಂತರು ಬಳಸುತ್ತಿದ್ದ ಮರಗಳ ಕಥೆಯೂ ನೆಮ್ಮದಿಯದಲ್ಲ. ಕೆನಡಾದ ಪಶ್ಚಿಮ ಕರಾವಳಿಯ ಸೀಡರ್ ಮರಗಳಿಗಾಗಿ ಹಳೆಯ ಕಾಡುಗಳು ಉರುಳಿದವು. ಅಲ್ಲಿನ ಫೇರಿ ಕ್ರೀಕ್ ಕಣಿವೆಯ ಕಡಿತವನ್ನು ತಡೆಯಲು 2020ರಲ್ಲಿ ಆರಂಭವಾದ ಚಳವಳಿಯಲ್ಲಿ ಸಾವಿರಕ್ಕೂ ಹೆಚ್ಚು ಬಂಧನಗಳಾದವು. ದಕ್ಷಿಣ ಅಮೆರಿಕದ ಕಾಡುಗಳಿಂದ ಬರುವ ಇಪೆ ಎಂಬ ಗಟ್ಟಿ ಮರದ ವ್ಯಾಪಾರವನ್ನು ಅಂತಾರಾಷ್ಟ್ರೀಯ ಸೈಟ್ಸ್ ಒಪ್ಪಂದವು 2024ರ ನವೆಂಬರಿನಿಂದ ನಿಯಂತ್ರಣಕ್ಕೆ ಒಳಪಡಿಸಿದೆ. ಬೆಂಗಳೂರಿನ ರಸ್ತೆಗಳಲ್ಲಿ ಚಳಿಗಾಲದ ಕೊನೆಗೆ ಹಳದಿ, ಗುಲಾಬಿ ಹೂಗಳನ್ನು ಸುರಿಸುವ ಟಬೂಬಿಯಾ ಮರಗಳು ಈ ಇಪೆಯ ದಾಯಾದಿಗಳೇ.

ಇಂಥ ಸಂದರ್ಭದಲ್ಲಿ ಮರದ ಹೊಟ್ಟನ್ನೂ ಪ್ಲಾಸ್ಟಿಕ್ಕನ್ನೂ ಕಾಸಿ ಬೆರೆಸಿ ಎರಕ ಹೊಯ್ದಂತೆ ಒತ್ತಿ ತೆಗೆದ ಹಲಗೆ ಬಂದಾಗ ಜನ ಅದನ್ನು ಸ್ವಾಗತಿಸಿದ್ದರಲ್ಲಿ ಆಶ್ಚರ್ಯವಿಲ್ಲ. 1996ರಲ್ಲಿ ಆರಂಭವಾದ ಟ್ರೆಕ್ಸ್ ಕಂಪನಿ ಅಂಗಡಿಯ ಪ್ಲಾಸ್ಟಿಕ್ ಚೀಲ, ಹಾಳೆಗಳನ್ನೂ ಮರದ ಕಾರ್ಖಾನೆಗಳ ಪುಡಿಯನ್ನೂ ಬಳಸಿ ಇಂಥ ಹಲಗೆಯನ್ನು ಮನೆಮಾತಾಗಿಸಿತು. ಇಂದು ಇದೇ ಬಗೆಯ ಹಲಗೆಗಳನ್ನು ತಯಾರಿಸುವವರು ಹಲವರಿದ್ದಾರೆ. ಕಸವೂ ಕರಗಿತು, ಕಾಡೂ ಉಳಿಯಿತು ಎಂಬುದು ಜಾಹೀರಾತಿನ ಸಾರ.

ಆದರೆ ಇಲ್ಲೊಂದು ಷರತ್ತಿದೆ. ಮರ ಹಾಳಾದರೆ ಮಣ್ಣಾಗುತ್ತದೆ. ಪ್ಲಾಸ್ಟಿಕ್ ಮಾತ್ರ ಇದ್ದರೆ ಮತ್ತೆ ಕರಗಿಸಬಹುದು. ಎರಡನ್ನೂ ಬೆಸೆದ ಮೇಲೆ ಅದು ಕೊಳೆಯುವುದೂ ಇಲ್ಲ, ಸುಲಭವಾಗಿ ಮರುಬಳಕೆಗೆ ಒದಗುವುದೂ ಇಲ್ಲ. ಕಿತ್ತ ಹಲಗೆಯ ಗತಿ ಬಹುಪಾಲು ಕಸದ ಗುಂಡಿಯೇ. ಹೀಗಾಗಿ ಈ ಹಲಗೆ ಇಪ್ಪತ್ತೈದು ಮೂವತ್ತು ವರ್ಷ ಬಾಳಿದರೆ ಪರಿಸರಕ್ಕೆ ಲಾಭ. ಎಂಟು ಹತ್ತು ವರ್ಷಕ್ಕೆ ಕಿತ್ತೊಗೆದರೆ ನಷ್ಟ. ಅದರ ಬಾಳಿಕೆಯನ್ನು ನಿರ್ಧರಿಸುವುದು ಹಲಗೆಗಿಂತ ಹೆಚ್ಚಾಗಿ ಅದರ ಕೆಳಗಿನ ಕಟ್ಟೋಣ ಮತ್ತು ಕಟ್ಟಿದ ಕೈ. ಇವತ್ತು ನಾನು ಹೇಳಬೇಕಾದ ಮುಖ್ಯ ಮಾತು ಇದೇ.

ಹಲಗೆಯನ್ನು ಆರಿಸುವಾಗ

ಮಿಶ್ರ ಹಲಗೆಯಲ್ಲಿ ಅರ್ಧದಷ್ಟು ಮರವೇ ಇರುತ್ತದೆಂಬುದನ್ನು ಮರೆಯಬಾರದು. ಆ ಮರದ ಪುಡಿ ನೀರು ಹೀರುತ್ತದೆ. ಹೀರಿದ ನೀರು ರಾತ್ರಿ ಹೆಪ್ಪುಗಟ್ಟಿ ಶೇಕಡಾ 9ರಷ್ಟು ಹಿಗ್ಗುತ್ತದೆ, ಹಗಲು ಕರಗುತ್ತದೆ. ಒಂದೇ ಚಳಿಗಾಲದಲ್ಲಿ ಹತ್ತಾರು ಬಾರಿ ಹೀಗಾದರೆ ಮೇಲ್ಮೈ ಸಡಿಲವಾಗುತ್ತದೆ. ಮೊದಲ ಪೀಳಿಗೆಯ ಹಲಗೆಗಳಲ್ಲಿ ಬೂಷ್ಟು, ಕಲೆ, ಸಿಪ್ಪೆ ಏಳುವಿಕೆಗಳ ದೂರು ವ್ಯಾಪಕವಾಗಿತ್ತು. 2010ರ ಆಸುಪಾಸಿನಿಂದ ಶುದ್ಧ ಪ್ಲಾಸ್ಟಿಕ್ಕಿನ ತೆಳು ಕವಚ ತೊಡಿಸಿದ ಹಲಗೆಗಳು ಬಳಕೆಗೆ ಬಂದವು. ಕವಚ ಮೂರು ಬದಿಗಷ್ಟೇ ಇದೆಯೋ, ನಾಲ್ಕೂ ಬದಿಗಿದೆಯೋ ಎಂದು ಕೇಳಿ ತಿಳಿಯಬೇಕು. ಹಿಮ ಕರಗಿದ ನೀರು ಅಡಿಬದಿಯಲ್ಲಿ ತಂಗುವ ತಗ್ಗು ಡೆಕ್‌ಗಳಿಗೆ ನಾಲ್ಕೂ ಬದಿಯ ಕವಚವೇ ಮೇಲು.

ಎರಡನೆಯ ಸಂಗತಿ ಹಿಗ್ಗು–ಕುಗ್ಗು. ಮೈನಸ್ 25 ಡಿಗ್ರಿಯಿಂದ 35 ಡಿಗ್ರಿ ಸೆಲ್ಷಿಯಸ್‌ವರೆಗೆ ಹವೆ ಬದಲಾದಾಗ 16 ಅಡಿ ಉದ್ದದ ಮರದ ಹಲಗೆ ಶಾಖದಿಂದ ಉದ್ದವಾಗುವುದು ಒಂದೆರಡು ಮಿಲಿಮೀಟರ್ ಮಾತ್ರ. ಅಷ್ಟೇ ಉದ್ದದ ಮಿಶ್ರ ಹಲಗೆ ಸುಮಾರು ಒಂದು ಸೆಂಟಿಮೀಟರ್ ಉದ್ದವಾಗುತ್ತದೆ. ಆದುದರಿಂದ ತುದಿಗಳ ನಡುವೆ ಬಿಡುವ ಸಂದು ಕೆಲಸ ನಡೆಯುವ ದಿನದ ಚಳಿಯನ್ನು ಅವಲಂಬಿಸಿರುತ್ತದೆ. ಚಳಿಯ ದಿನ ಹಲಗೆ ಕುಗ್ಗಿರುತ್ತದೆ, ಸಂದು ಹೆಚ್ಚು ಬಿಡಬೇಕು. ಬಿಡದಿದ್ದರೆ ಬೇಸಿಗೆಯಲ್ಲಿ ಹಲಗೆಗಳು ಒಂದನ್ನೊಂದು ದಬ್ಬಿ ಉಬ್ಬುತ್ತವೆ. ಮಗ್ಗುಲಿನ ಸಂದು ಐದಾರು ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಕಸ ಸಿಕ್ಕಿ, ನೀರು ನಿಂತು ಬೂಷ್ಟು ಹಿಡಿಯುತ್ತದೆ. ನಿಖರವಾದ ಅಳತೆ ತಯಾರಕರ ಕೈಪಿಡಿಯಲ್ಲಿರುತ್ತದೆ. ಅದನ್ನು ಮೀರಿ ಕಟ್ಟಿದ್ದರೆ ಖಾತರಿ ಪತ್ರಕ್ಕೆ ಬೆಲೆಯಿಲ್ಲ.

ಮೂರನೆಯದಾಗಿ, ಈ ಹಲಗೆ ಭಾರ ಹೊರುವ ಮರವಲ್ಲ. ಜಂತಿಗೂ ತೊಲೆಗೂ ಇದನ್ನು ಬಳಸುವಂತಿಲ್ಲ. ಮರಕ್ಕಿಂತ ಬೇಗ ಬಾಗುವುದರಿಂದ ಜಂತಿಗಳ ನಡುವಿನ ಅಂತರ 16 ಅಂಗುಲ ಮೀರಬಾರದು, ಓರೆಯಾಗಿ ಹಾಸುವುದಾದರೆ 12 ಅಂಗುಲ. ಹಳೆಯ ಡೆಕ್‌ನ ಜಂತಿಗಳ ಮೇಲೆಯೇ ಹೊಸ ಹಲಗೆ ಹಾಸುವವರು ಮೊದಲು ಈ ಅಂತರವನ್ನು ಅಳೆಯಬೇಕು.

ನೆಲದೊಳಗಿನ ಬಲ

ಮಿನೆಸೋಟ ರಾಜ್ಯದ ಉದಾಹರಣೆ ತೆಗೆದುಕೊಳ್ಳೋಣ. ಅಲ್ಲಿ ಚಳಿಗಾಲದಲ್ಲಿ ನೆಲವೇ ಹೆಪ್ಪುಗಟ್ಟುತ್ತದೆ. ಮಣ್ಣಿನ ತೇವ ಮಂಜಿನ ಪದರಗಳಾಗಿ ಕಟ್ಟುತ್ತದೆ. ಆ ಪದರಗಳು ಕೆಳಗಿನ ನೀರನ್ನು ಮೇಲಕ್ಕೆ ಸೆಳೆದುಕೊಂಡು ದಪ್ಪವಾಗುತ್ತ, ಮೇಲಿನ ಎಲ್ಲವನ್ನೂ ಎತ್ತುತ್ತವೆ. ಬುನಾದಿ ಆಳವಿಲ್ಲದಿದ್ದರೆ ಕಂಬವೂ ಏಳುತ್ತದೆ, ವಸಂತದಲ್ಲಿ ಇಳಿಯುತ್ತದೆ. ಪ್ರತಿ ಕಂಬವೂ ತನ್ನದೇ ಅಳತೆಯಲ್ಲಿ. ಮನೆ ಕದಲದೆ ನಿಂತಿರುವಾಗ ಡೆಕ್ ಮಾತ್ರ ಎದ್ದರೆ ಎರಡರ ಬೆಸುಗೆ ಬಿಟ್ಟುಕೊಳ್ಳುತ್ತದೆ. ಇದಕ್ಕಾಗಿಯೇ ಆ ರಾಜ್ಯದ ಕಟ್ಟಡ ನಿಯಮಾವಳಿ ಬುನಾದಿಯ ತಳ ದಕ್ಷಿಣ ಭಾಗದಲ್ಲಿ 42 ಅಂಗುಲ, ಉತ್ತರ ಭಾಗದಲ್ಲಿ 60 ಅಂಗುಲ ಆಳದಲ್ಲಿರಬೇಕೆಂದು ವಿಧಿಸಿದೆ. ನಾಲ್ಕು ಗುಂಡಿಗಳಲ್ಲಿ ತಲಾ ಒಂದು ಅಡಿ ಉಳಿಸುವ ಗುತ್ತಿಗೆದಾರ ಅರ್ಧ ದಿನದ ಕೂಲಿ ಉಳಿಸಿಕೊಳ್ಳುತ್ತಾನೆ. ಮನೆಯವರು ಇಡೀ ಡೆಕ್ ಕಳೆದುಕೊಳ್ಳುತ್ತಾರೆ. ಕಾಂಕ್ರೀಟು ತುಂಬಿದ ಮೇಲೆ ಗುಂಡಿಯ ಆಳ ಯಾರಿಗೂ ಕಾಣುವುದಿಲ್ಲವೆಂಬುದೇ ಇಲ್ಲಿನ ಅಪಾಯ. ಸರ್ಕಾರಿ ಪರಿವೀಕ್ಷಕ ಬಂದು ಗುಂಡಿಯನ್ನು ನೋಡಿ ಒಪ್ಪುವವರೆಗೆ ಕಾಂಕ್ರೀಟು ಸುರಿಯಬಾರದೆಂಬ ನಿಯಮ ಇದಕ್ಕಾಗಿಯೇ ಇದೆ.

ಹಿಮದ ಭಾರವೂ ಲಘುವಾದುದಲ್ಲ. ನೆಲದ ಮೇಲಿನ ಹಿಮದ ಭಾರವನ್ನು ಅದೇ ನಿಯಮಾವಳಿ ದಕ್ಷಿಣದಲ್ಲಿ ಚದರಡಿಗೆ 50 ಪೌಂಡ್, ಉತ್ತರದಲ್ಲಿ 60 ಪೌಂಡ್ ಎಂದು ಲೆಕ್ಕ ಹಿಡಿಯುತ್ತದೆ. 12 ಅಡಿಗೆ 10 ಅಡಿಯ ಸಣ್ಣ ಡೆಕ್‌ಗೂ 50 ಪೌಂಡಿನಂತೆ 6,000 ಪೌಂಡ್, ಅಂದರೆ ಸುಮಾರು 2,700 ಕಿಲೋಗ್ರಾಂ ಆಯಿತು.

ಗೋಡೆಯ ಸಂಧಿ

ಡೆಕ್‌ನ ಒಂದು ಅಂಚು ಸಾಮಾನ್ಯವಾಗಿ ಮನೆಯ ಗೋಡೆಗೆ ಬಿಗಿದ ದಪ್ಪ ಪಟ್ಟಿಯ ಮೇಲೆ ಕೂರುತ್ತದೆ. ಕುಸಿದ ಡೆಕ್‌ಗಳಲ್ಲಿ ಬಹಳಷ್ಟು ಬಿಟ್ಟುಕೊಂಡಿರುವುದು ಇಲ್ಲಿಯೇ. ಈ ಪಟ್ಟಿಯನ್ನು ಬರಿಯ ಮೊಳೆಯಿಂದ ಹೊಡೆಯಬಾರದು, ಬೋಲ್ಟು ಅಥವಾ ಭಾರಕ್ಕೆ ತಕ್ಕ ತಿರುಪುಗಳಿಂದ ಬಿಗಿಯಬೇಕು. ಗೋಡೆಗೂ ಪಟ್ಟಿಗೂ ನಡುವೆ ನೀರು ಇಳಿಯದಂತೆ ಫ್ಲ್ಯಾಶಿಂಗ್ ಎಂದು ಕರೆಯುವ ತಗಡಿನ ಮಡಿಕೆಯನ್ನು ಕೂರಿಸಬೇಕು. ಆರ್ಸೆನಿಕ್ ಬಿಟ್ಟ ಮೇಲೆ ಬಂದ ಮರದ ಔಷಧಿಗಳಲ್ಲಿ ತಾಮ್ರದ ಅಂಶ ಹೆಚ್ಚು; ಅದು ಸಾಧಾರಣ ಕಬ್ಬಿಣವನ್ನು ಬೇಗ ತಿನ್ನುತ್ತದೆ. ಹಾಗಾಗಿ ದಪ್ಪ ಸತುವಿನ ಲೇಪವಿರುವ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಬಿಗಿಸಾಮಾನುಗಳೇ ಬೇಕು.

ನೀರು ಮರದೊಳಗೆ ಮಾಡುವ ಕೆಲಸಕ್ಕೆ ಶೀತ ಪ್ರದೇಶವೇ ಬೇಕಿಲ್ಲ. 2015ರ ಜೂನ್ 16ರಂದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಒಂದು ಬಾಲ್ಕನಿ ಕಳಚಿಬಿದ್ದು ಆರು ಮಂದಿ ಯುವಜನರು ಸತ್ತರು. ಕಟ್ಟಡ ಪೂರ್ಣಗೊಂಡಿದ್ದು 2007ರಲ್ಲಿ. ಅದಕ್ಕಿನ್ನೂ ಹತ್ತು ವರ್ಷವೂ ತುಂಬಿರಲಿಲ್ಲ. ಒಳಗಿನ ಜಂತಿಗಳು ನೀರಿಳಿದು ಕೊಳೆತುಹೋಗಿದ್ದವು.  ಎಂದೂ ಕೊಳೆಯದ, ಬಣ್ಣ ಮಾಸದ ಹಲಗೆಯನ್ನು ಕೊಳೆಯುವ ಜಂತಿಯ ಮೇಲೆ ಹಾಸುವಾಗ ಈ ದುರಂತವನ್ನು ನೆನೆಯಬೇಕು. ಮರದ ಹಲಗೆಯಾದರೆ ತಾನೂ ಹಾಳಾಗುತ್ತ ಎಚ್ಚರಿಕೆ ಕೊಡುತ್ತದೆ. ಮಿಶ್ರ ಹಲಗೆ ಕೊನೆಯ ದಿನದವರೆಗೂ ಚೆಲುವಾಗಿಯೇ ಕಾಣುತ್ತದೆ.

ಕಟ್ಟುವವರನ್ನು ಆರಿಸುವಾಗ

ಹಾಗಾದರೆ ಅರ್ಹರನ್ನು ಗುರುತಿಸುವುದು ಹೇಗೆ? ಮೊದಲನೆಯದು ಪರವಾನಗಿ. ಮಿನೆಸೋಟದಲ್ಲಿ ಮನೆಕೆಲಸದ ಗುತ್ತಿಗೆದಾರರಿಗೆ ರಾಜ್ಯದ ಕಾರ್ಮಿಕ ಮತ್ತು ಕೈಗಾರಿಕಾ ಇಲಾಖೆ ಪರವಾನಗಿ ಕೊಡುತ್ತದೆ. ಪರವಾನಗಿ ಇದ್ದವರಿಂದ ಮೋಸಹೋದ ಮನೆಯವರಿಗೆ ಪರಿಹಾರ ನೀಡಲು ಒಂದು ನಿಧಿಯೂ ಇದೆ. ಪರವಾನಗಿ ಇಲ್ಲದವರಿಗೆ ಕೆಲಸ ಕೊಟ್ಟವರಿಗೆ ಅದು ದಕ್ಕುವುದಿಲ್ಲ. ಎರಡನೆಯದು ವಿಮೆ. ಹೊಣೆಗಾರಿಕೆಯ ವಿಮೆಯ ಜೊತೆಗೆ ಕೆಲಸಗಾರರ ಪರಿಹಾರ ವಿಮೆಯ ಪತ್ರವನ್ನೂ ಕೇಳಿ ನೋಡಬೇಕು. ಎತ್ತರದಿಂದ ಬೀಳಬಹುದಾದವನು ಗುತ್ತಿಗೆದಾರನಲ್ಲ, ದಿನಗೂಲಿಯವನು. ಅವನ ಸುರಕ್ಷೆಯನ್ನು ಬಿಟ್ಟುಕೊಟ್ಟು ಗಳಿಸಿದ ಅಗ್ಗದ ದರ ಪರಿಸರದ ಹೆಸರಿನಲ್ಲಿ ಒಪ್ಪತಕ್ಕದ್ದಲ್ಲ.

ಮೂರನೆಯದು ಅನುಮತಿ. 'ಅನುಮತಿ ಪತ್ರ ಬೇಡ, ಹಣ ಉಳಿಯುತ್ತದೆ' ಎನ್ನುವವರನ್ನು ಅಲ್ಲಿಗೇ ಕೈಮುಗಿದು ಕಳಿಸುವುದು ಲೇಸು. ನಾಲ್ಕನೆಯದು, ಅವರು ಐದು ಚಳಿಗಾಲಗಳ ಹಿಂದೆ ಕಟ್ಟಿದ ಡೆಕ್ ಒಂದನ್ನು ತೋರಿಸಲು ಕೇಳಿ. ಹೊಸ ಕೆಲಸ ಎಲ್ಲರದೂ ಚೆನ್ನಾಗಿಯೇ ಕಾಣುತ್ತದೆ. ಹಳೆಯ ಡೆಕ್‌ನ ಕೆಳಗೆ ಬಗ್ಗಿ ಕಂಬ ನೆಟ್ಟಗಿದೆಯೇ, ಗೋಡೆಯ ಸಂಧಿಯಲ್ಲಿ ಕಪ್ಪು ಕಲೆಯಿದೆಯೇ, ಬಿಗಿಸಾಮಾನಿಗೆ ತುಕ್ಕು ಹಿಡಿದಿದೆಯೇ ಎಂದು ನೋಡಬೇಕು. ಐದನೆಯದು ಮಾತುಕತೆ. ಬುನಾದಿಯ ಆಳ ಎಷ್ಟು, ಈ ಹವೆಯಲ್ಲಿ ಸಂದು ಎಷ್ಟು ಬಿಡುತ್ತೀರಿ, ಗೋಡೆಯ ಪಟ್ಟಿಗೆ ಏನು ಮಾಡುತ್ತೀರಿ: ಈ ಮೂರು ಪ್ರಶ್ನೆಗಳಿಗೆ ತಡವರಿಸದೆ ಉತ್ತರಿಸುವವರು ಕೆಲಸ ಬಲ್ಲವರು. ಉತ್ತರಗಳು ಕರಾರಿನಲ್ಲಿ ಬರಹದಲ್ಲಿಯೂ ಇರಬೇಕು. ಹಲಗೆಯ ಖಾತರಿ ತಯಾರಕರದು, ಕೆಲಸದ ಖಾತರಿ ಕಟ್ಟಿದವರದು. ಇವು ಬೇರೆ ಬೇರೆ ಎಂಬುದನ್ನು ತಿಳಿದಿರಬೇಕು. ಹಣವನ್ನು ಹಂತಹಂತವಾಗಿ ಕೊಡಬೇಕು, ಕೊನೆಯ ಕಂತು ಅಂತಿಮ ಪರಿವೀಕ್ಷಣೆಯ ನಂತರ. ಸಾಮಗ್ರಿ ಒದಗಿಸಿದವರಿಗೂ ಕೂಲಿಯವರಿಗೂ ಹಣ ಸಂದಿದೆಯೆಂಬ ರಸೀದಿ ಪಡೆಯಬೇಕು, ಇಲ್ಲವಾದರೆ ಅವರ ಬಾಕಿಯ ಹಕ್ಕು ಮನೆಯ ಮೇಲೆಯೇ ಬೀಳಬಹುದು.

ನೆಲ ಹೆಪ್ಪುಗಟ್ಟಿರುವ ತಿಂಗಳುಗಳಲ್ಲಿ ವಿಚಾರಣೆ, ನಕ್ಷೆ, ಕರಾರುಗಳನ್ನು ಮುಗಿಸಿ, ವಸಂತದಲ್ಲಿ ಅಗೆಯಲು ತೊಡಗುವುದು ಒಳ್ಳೆಯ ಕ್ರಮ. ಅಗೆಯುವ ಮೊದಲು 811ಕ್ಕೆ ಕರೆ ಮಾಡಿದರೆ ನೆಲದೊಳಗಿನ ಅನಿಲ, ವಿದ್ಯುತ್ ಮಾರ್ಗಗಳನ್ನು ಉಚಿತವಾಗಿ ಗುರುತಿಸಿಕೊಡುತ್ತಾರೆ.

ಪರಿಸರದ ಲೆಕ್ಕ

ಕೊನೆಯದಾಗಿ ಕೆಲವು ಮಾತು. ಹಳೆಯ ಜಂತಿಗಳು ಗಟ್ಟಿಯಿದ್ದು ಅಂತರ ಸರಿಯಿದ್ದರೆ ಅವನ್ನು ಉಳಿಸಿಕೊಳ್ಳಿರಿ. 2004ಕ್ಕೆ ಹಿಂದಿನ ಔಷಧಿ ಮರವನ್ನು ಕಳಚಿದರೆ ಎಂದಿಗೂ ಸುಡಬೇಡಿರಿ. ಆರ್ಸೆನಿಕ್ ಹೊಗೆಯಲ್ಲಿಯೂ ಬೂದಿಯಲ್ಲಿಯೂ ಬರುತ್ತದೆ. ಮಿಶ್ರ ಹಲಗೆ ಕೊಯ್ಯುವಾಗ ಉದುರುವ ಪುಡಿ ಪ್ಲಾಸ್ಟಿಕ್ಕಿನ ಕಣವೇ. ಕೆಳಗೆ ತಾಡಪಾಲು ಹಾಸಿ ಕೊಯ್ಯುವಂತೆ, ಪುಡಿಯನ್ನು ತುಂಬಿ ಒಯ್ಯುವಂತೆ ಕರಾರಿನಲ್ಲಿಯೇ ಬರೆಯಿಸಿರಿ. ಹಿಮ ತೆಗೆಯಲು ಪ್ಲಾಸ್ಟಿಕ್ ಸಲಿಕೆಯನ್ನು ಹಲಗೆಯ ಉದ್ದಕ್ಕೆ ನೂಕಿರಿ. ಲೋಹದ ಸಲಿಕೆ ಕವಚವನ್ನು ಗೀರುತ್ತದೆ. ಚೆಲ್ಲಿದ ಉಪ್ಪನ್ನು ವಸಂತದಲ್ಲಿ ತೊಳೆಯಿರಿ. ವರ್ಷಕ್ಕೊಮ್ಮೆ ಡೆಕ್‌ನ ಕೆಳಗೆ ಇಳಿದು ನೋಡಿರಿ.

ಎಲ್ಲಕ್ಕಿಂತ ಮೊದಲು, ಎಷ್ಟು ದೊಡ್ಡದು ಬೇಕೆಂದು ಮನೆಮಂದಿ ಕುಳಿತು ಯೋಚಿಸುವುದು ಒಳ್ಳೆಯದು. ನಾಲ್ಕು ಜನರ ಮನೆಗೆ ನಲವತ್ತು ಜನರ ಜಗಲಿ ಏಕೆ? ಸಣ್ಣದಾಗಿ, ಆಳವಾಗಿ ಬುನಾದಿ ಹಾಕಿ, ಬಲ್ಲವರಿಂದ ಕಟ್ಟಿಸಿದ್ದು ಒಂದು ತಲೆಮಾರು ಬಾಳುತ್ತದೆ. 'ಪರಿಸರಸ್ನೇಹಿ' ಎಂಬ ಮಾತು ಹಲಗೆಯ ಮೇಲೆ ಅಚ್ಚಾಗಿ ಬರುವುದಿಲ್ಲ. ಇಪ್ಪತ್ತೈದನೆಯ ಚಳಿಗಾಲದಲ್ಲಿಯೂ ಆ ಹಲಗೆ ತನ್ನ ಜಾಗದಲ್ಲಿ ನಿಂತಿದ್ದರೆ ಆಗ ಆ ಮಾತನ್ನು ಹೇಳಬಹುದು. ನಿಮ್ಮ ಮಕ್ಕಳು ಆ ನಾಡಿನಿಂದ ಕರೆ ಮಾಡಿ ಯಾವ ಬಣ್ಣದ ಹಲಗೆ ಚೆನ್ನ ಎಂದು ಕೇಳಿದರೆ, ಬುನಾದಿ ಎಷ್ಟು ಆಳ, ಕಟ್ಟುವವರು ಯಾರು ಎಂದು ನೀವು ಮೊದಲು ಕೇಳಿರಿ.