ಕೃತಕ ಕಾಲು ಮತ್ತು ತಲೆಯ ಕೆಲಸ
(ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕಾಲಿನ ವಿಷಯ ಮಾತಾಡಲು ನಿಂತವರು ತಲೆಯ ವಿಷಯ ಏಕೆ ಎತ್ತುತ್ತಾರೆ ಎಂದು ನಿಮಗೆ ಅನ್ನಿಸಬಹುದು. ಇವೆರಡಕ್ಕೂ ಇರುವ ನಂಟನ್ನು ಯಾರೂ ತಿಳಿಸಿ ಹೇಳದೆ ಇರುವುದರಿಂದಲೇ ಎಷ್ಟೋ ಮನೆಗಳಲ್ಲಿ ಕೃತಕ ಕಾಲು ಅಟ್ಟ ಸೇರುತ್ತದೆ.

ಗಿರಣಿಯವರಿಗೆ ಯಂತ್ರದ ಭಯವಾದರೆ, ಗಲ್ಲೆಯ ಮುಂದೆ ದಿನವಿಡೀ ಕೂತವರಿಗೆ ಸಕ್ಕರೆ ಕಾಯಿಲೆಯ ಭಯ. ಪಾದದ ಸ್ಪರ್ಶ ಹೋಗುತ್ತದೆ, ಆದ ಗಾಯ ತಿಳಿಯುವುದಿಲ್ಲ, ಅದು ಕೊಳೆತು ಕೊನೆಗೆ ಕಾಲನ್ನೇ ತೆಗೆಯಬೇಕಾಗುತ್ತದೆ. ಆ ಕಾಯಿಲೆ ಕಾಲಿನ ರಕ್ತನಾಳಗಳಿಗೆ ಮಾತ್ರ ಸೀಮಿತವಲ್ಲ. ಮಿದುಳಿನ ಸಣ್ಣ ನಾಳಗಳನ್ನೂ ಕೆಡಿಸುತ್ತದೆ. ಹಾಗಾಗಿ ಕಾಲು ಹೋದವರಲ್ಲಿ ಕೆಲವರಿಗೆ ಮರೆವೂ ಜೊತೆಗೇ ಬರುತ್ತದೆ.

ಪಾಳಿ ಮುಗಿಸಿ ಹರಟೆ ಹೊಡೆಯುತ್ತ ಮನೆಗೆ ನಡೆಯುವಾಗ ನಾವು ಹೆಜ್ಜೆ ಎಣಿಸುತ್ತೇವೆಯೇ? ಕಲ್ಲು, ತಗ್ಗು, ಕೆಸರು ಎಲ್ಲವನ್ನೂ ಅಂಗಾಲು ತಾನೇ ವರದಿ ಮಾಡುತ್ತದೆ. ಕೃತಕ ಕಾಲಿಗೆ ಆ ವರದಿಗಾರನಿಲ್ಲ. ಅವನ ಕೆಲಸವನ್ನು ಕಣ್ಣು ಮತ್ತು ಗಮನ ಮಾಡಬೇಕು. ಮೊಣಕಾಲಿನ ಮೇಲೆ ಕಡಿದಿದ್ದರಂತೂ ಮಂಡಿ ಎಲ್ಲಿ ಮಡಚೀತು ಎಂಬ ಯೋಚನೆಯೂ ಸೇರುತ್ತದೆ. ನಡೆಯುತ್ತಿರುವಾಗ ಯಾರಾದರೂ ಬಾಕಿ ಲೆಕ್ಕ ಕೇಳಿದರೆ ಹೆಜ್ಜೆ ತಪ್ಪುವುದು ಸಹಜ. ವೃದ್ಧರ ವಿಷಯದಲ್ಲಿ ಸ್ವೀಡನ್ನಿನ ಸಂಶೋಧಕರು 1997ರಲ್ಲಿ ಇಂಥದೇ ಒಂದನ್ನು ತೋರಿಸಿದರು: ಮಾತಾಡಿಸಿದಾಗ ನಡಿಗೆ ನಿಲ್ಲಿಸಿದವರಲ್ಲಿ ಹೆಚ್ಚಿನವರು ಆರು ತಿಂಗಳೊಳಗೆ ಬಿದ್ದರು.

ನಡಿಗೆ ಮಾತ್ರವಲ್ಲ. ಬೆಳಿಗ್ಗೆ ಚೀಲಗಳನ್ನು ಕ್ರಮವಾಗಿ ಹಾಕಬೇಕು. ಉಳಿದ ಕಾಲು ದಿನದಲ್ಲಿ ಸ್ವಲ್ಪ ಸೊರಗುತ್ತದೆ. ಸಡಿಲವಾದರೆ ಇನ್ನೊಂದು ಚೀಲ ಸೇರಿಸಬೇಕು. ಸಂಜೆ ಚರ್ಮ ನೋಡಿಕೊಳ್ಳಬೇಕು. ಮರೆತರೆ ಹುಣ್ಣು, ಹುಣ್ಣಾದರೆ ವಾರಗಟ್ಟಲೆ ಕಾಲು ಕಟ್ಟುವಂತಿಲ್ಲ. ನೆನಪು ಮತ್ತು ಮುಂದಾಲೋಚನೆಯ ಪರೀಕ್ಷೆಗಳಲ್ಲಿ ಹಿಂದೆ ಬಿದ್ದವರು ಕೃತಕ ಕಾಲಿನ ಓಡಾಟದಲ್ಲೂ ಹಿಂದೆ ಬೀಳುತ್ತಾರೆಂದು 2009ರಲ್ಲಿ ಸ್ಕಾಟ್ಲೆಂಡಿನ ಸಂಶೋಧಕರು ಪ್ರಕಟಿಸಿದರು.

ಇಲ್ಲೇ ಎಚ್ಚರವಿರಬೇಕು. “ಇವನಿಗೆ ನೆನಪು ನಿಲ್ಲುವುದಿಲ್ಲ, ಕಾಲು ಕೊಟ್ಟರೆ ದಂಡ” ಎಂದು ಹೇಳುವ ಜಾಣರು ನಾಳೆಯೇ ಹುಟ್ಟಿಕೊಳ್ಳುತ್ತಾರೆ. ಖರ್ಚು ಉಳಿಸುವ ಜಾಣತನಕ್ಕೆ ಯಾವ ಕಾಲದಲ್ಲೂ ಬರವಿಲ್ಲ! ಅದಕ್ಕೆ ಉತ್ತರವೂ ಅದೇ ನಾಡಿನಿಂದ ಮರುವರ್ಷ ಬಂತು. ತಪ್ಪಿ ತಪ್ಪಿ ಕಲಿಯಲಿ ಎಂದು ಬಿಡದೆ, ಪ್ರತಿ ಹಂತವನ್ನೂ ತೋರಿಸಿ, ತಪ್ಪಿಗೆ ಎಡೆಯೇ ಇಲ್ಲದಂತೆ ಕಾಲು ಕಟ್ಟುವುದನ್ನು ಕಲಿಸಿದರೆ, ಕಲಿತವರು ಹೆಚ್ಚು ನೆನಪಿಡುತ್ತಾರೆ, ಕಡಿಮೆ ತಪ್ಪುತ್ತಾರೆ ಎಂದು ಕಂಡುಬಂತು. ನಾವು ಮಾಸ್ತರಿಕೆ ಮಾಡಿ ಬಂದವರು. ಹುಡುಗ ದಡ್ಡನೆಂದು ಷರಾ ಬರೆಯುವುದು ಎಷ್ಟು ಸುಲಭವೆಂದು ಕಂಡಿದ್ದೇವೆ. ಪಾಠ ಬದಲಾಯಿಸುವುದು ಕಷ್ಟದ ಕೆಲಸ.

ನಮ್ಮ ದೇಶಕ್ಕೆ ಕಾಲು ಮಾಡುವ ವಿದ್ಯೆಯಲ್ಲಿ ಕೊರತೆಯಿಲ್ಲ. 1968ರಲ್ಲಿ ಜೈಪುರದಲ್ಲಿ ಹೆಚ್ಚು ಶಾಲೆ ಕಾಣದ ಕುಶಲಕರ್ಮಿ ರಾಮಚಂದ್ರ ಶರ್ಮರೂ ಡಾಕ್ಟರ್ ಪಿ. ಕೆ. ಸೇಠಿಯವರೂ ಸೇರಿ ರೂಪಿಸಿದ ಪಾದದಲ್ಲಿ ಬರಿಗಾಲಲ್ಲಿ ನಡೆಯಬಹುದು, ಕುಕ್ಕರುಗಾಲಲ್ಲಿ ಕೂರಬಹುದು, ಗದ್ದೆಗೆ ಇಳಿಯಬಹುದು. 1975ರಿಂದ ಒಂದು ಸಂಸ್ಥೆ ಅದನ್ನು ಬಡವರಿಗೆ ಉಚಿತವಾಗಿ ಕೊಡುತ್ತ ಬಂದಿದೆ. ದೊಡ್ಡ ಕೆಲಸವೇ ಸರಿ. ಆದರೆ ಒಂದೆರಡು ದಿನದ ಶಿಬಿರದಲ್ಲಿ ಕಾಲು ಕಟ್ಟಿಸಿಕೊಂಡವನಿಗೆ ಮೂರನೆಯ ದಿನ ಕಲಿಸುವವರು ಯಾರು?

ಕಾನೂನನ್ನು ಕೇಳಿದರೆ ಅದು ಅಳತೆಪಟ್ಟಿ ಹಿಡಿಯುತ್ತದೆ. 1923ರ ಪರಿಹಾರ ಕಾಯಿದೆಯ ಪಟ್ಟಿಯಂತೆ, ತೊಡೆಯ ನಡುವಿನ ಕೆಳಗಿನಿಂದ ಮೊಣಕಾಲಿನ ಕೆಳಗೆ 8.89 ಸೆಂಟಿಮೀಟರಿನ ತನಕ ಎಲ್ಲಿ ಕಡಿದರೂ ಗಳಿಕೆಯ ನಷ್ಟ ನೂರಕ್ಕೆ 60 ಆಗಿತ್ತು. ಮಂಡಿ ಉಳಿದವನೂ ಹೋದವನೂ ಅಲ್ಲಿ ಒಂದೇ ಆಗಿದ್ದರು! 2009ರ ತಿದ್ದುಪಡಿಯಲ್ಲಿ ಕಾಯಿದೆಯ ಹೆಸರು ಬದಲಾಯಿತು. ಕಡಿದ ಜಾಗವನ್ನು ನೋಡುವ ಪಟ್ಟಿ ಉಳಿಯಿತು. ಮತ್ತೆ ನಡೆಯಲು ಕಲಿಯುವ ದಿನಗಳ ಲೆಕ್ಕ ಆ ಪಟ್ಟಿಯಲ್ಲಿರಲಿಲ್ಲ.

ಆದ್ದರಿಂದ ನಾವು ಕೇಳಬೇಕಾದದ್ದು ಕಾಲನ್ನಷ್ಟೇ ಅಲ್ಲ: ಕಲಿಕೆಯ ದಿನಗಳ ಕೂಲಿ, ಜಿಲ್ಲಾ ಆಸ್ಪತ್ರೆಯಲ್ಲೇ ಕಲಿಸುವವರು, ತಿಂಗಳಿಗೊಮ್ಮೆಯ ತಪಾಸಣೆ. ಅದಾಗುವ ತನಕ, ಕಾಲು ಹಾಕಿಸಲು ಹೋಗುವವರು ಮನೆಯ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿರಿ. ಕಟ್ಟುವ ಕ್ರಮವನ್ನು ಅವರೂ ಕಲಿಯಲಿ. ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು ಹಾಸಿಗೆಯ ಪಕ್ಕದ ಗೋಡೆಗೆ ಅಂಟಿಸಿರಿ. ಅವರು ಮೆಟ್ಟಿಲು ಹತ್ತುವಾಗ ಮಾತಾಡಿಸಬೇಡಿ.