ವ್ಯಂಗ್ಯಚಿತ್ರವನ್ನು ಓದುವ ಬಗೆ



ಬೆಳಗ್ಗೆ ಪತ್ರಿಕೆ ಕೈಗೆ ಬಂದೊಡನೆ ನಮ್ಮಲ್ಲಿ ಹಲವರ ಕಣ್ಣು ಮೊದಲು ಓಡುವುದು ವ್ಯಂಗ್ಯಚಿತ್ರದ ಕಡೆಗೆ. ಚಿತ್ರ ನೋಡುತ್ತೇವೆ, ಅದರ ಕೆಳಗಿನ ಒಂದು ಸಾಲನ್ನು ಓದುತ್ತೇವೆ, ನಗುತ್ತೇವೆ, ಪುಟ ಮಗುಚುತ್ತೇವೆ. ಅಷ್ಟರಲ್ಲಿ ಚಿತ್ರಕಾರ ತನ್ನ ಕೆಲಸ ಮುಗಿಸಿರುತ್ತಾನೆ. ಯಾರು ದೊಡ್ಡವರು, ಯಾರು ಸಣ್ಣವರು, ತಪ್ಪು ಯಾರದು ಎಂಬ ಒಂದು ತೀರ್ಪು ನಮ್ಮ ಮನಸ್ಸಿನೊಳಗೆ ಇಳಿದಿರುತ್ತದೆ. ಸಂಪಾದಕೀಯ ಲೇಖನವಾದರೆ ನಾವು ವಾದಿಸುತ್ತೇವೆ, ‘ಇದು ಸರಿಯಲ್ಲ’ ಎನ್ನುತ್ತೇವೆ. ಚಿತ್ರದ ಎದುರು ಹಾಗೆ ವಾದಿಸುವುದು ಅಪರೂಪ. ನಕ್ಕ ಮೇಲೆ ವಾದ ಮಾಡುವುದು ಕಷ್ಟ.

ಆ ತೀರ್ಪು ಎಲ್ಲಿ ಅಡಗಿರುತ್ತದೆ? ಹೆಚ್ಚಿನವರು ಅಡಿಬರಹದಲ್ಲಿ ಎಂದು ತಿಳಿಯುತ್ತಾರೆ. ನನ್ನ ಅಭಿಪ್ರಾಯ ಬೇರೆ. ಅದು ಯಾವ ವ್ಯಕ್ತಿ ಎಲ್ಲಿ ನಿಂತಿದ್ದಾನೆ, ಎಷ್ಟು ದೊಡ್ಡದಾಗಿದ್ದಾನೆ, ಯಾವ ಕಡೆಗೆ ಮುಖ ಮಾಡಿದ್ದಾನೆ, ಚೌಕಟ್ಟಿನ ಒಳಗೆ ಯಾರಿದ್ದಾರೆ, ಯಾರಿಲ್ಲ ಎಂಬ ಜೋಡಣೆಯಲ್ಲಿದೆ. ಅಡಿಬರಹದ ಮೇಲೆ ಅಂಗೈ ಇಟ್ಟು ಮುಚ್ಚಿ, ಬರೀ ಚಿತ್ರವನ್ನು ಒಂದು ನಿಮಿಷ ನೋಡಿ. ನಾನು ಹೇಳುವುದು ಅರ್ಥವಾದೀತು. ಕಾರ್ಯಕ್ರಮದಲ್ಲಿ ಚಿತ್ರಗಳನ್ನು ಪರದೆಯ ಮೇಲೆ ತೋರಿಸಬಹುದು. ಪುಸ್ತಿಕೆಯಲ್ಲಿ ಆ ಅನುಕೂಲವಿಲ್ಲ, ಆದ್ದರಿಂದ ಮಾತಿನಲ್ಲೇ ಬರೆದು ತೋರಿಸುತ್ತೇನೆ.

ಮೊದಲನೆಯದು ಹಳೆಯ ಚಿತ್ರ. 1890ರ ಮಾರ್ಚ್ 29ರಂದು ಲಂಡನ್ನಿನ ‘ಪಂಚ್’ ವಾರಪತ್ರಿಕೆಯಲ್ಲಿ ಜಾನ್ ಟೆನಿಯಲ್ ಬರೆದದ್ದು. ಜರ್ಮನಿಯನ್ನು ಒಂದುಗೂಡಿಸಿದ ಬಿಸ್ಮಾರ್ಕ್‌ಗೆ ಆಗ 74 ವರ್ಷ. ಚಕ್ರವರ್ತಿ ಎರಡನೆಯ ವಿಲ್ಹೆಲ್ಮ್‌ಗೆ 31. ಆ ತಿಂಗಳಷ್ಟೇ ಮುದುಕ ಮಂತ್ರಿಯ ರಾಜೀನಾಮೆಯನ್ನು ತರುಣ ದೊರೆ ಪಡೆದಿದ್ದ. ಟೆನಿಯಲ್ ಒಂದು ಹಡಗಿನ ಪಕ್ಕವನ್ನು ಬರೆದ. ಬಂದರಿನಲ್ಲಿ ಹಡಗಿಗೆ ದಾರಿ ತೋರಿಸುವ ಪೈಲಟ್ ವೇಷದಲ್ಲಿ ಬಿಸ್ಮಾರ್ಕ್ ಏಣಿ ಇಳಿಯುತ್ತಿದ್ದಾನೆ. ಮೇಲೆ ಕಟಕಟೆಗೆ ಒರಗಿ ಕಿರೀಟಧಾರಿ ದೊರೆ ನೋಡುತ್ತಿದ್ದಾನೆ. ಅಧಿಕಾರದಲ್ಲಿ ಮೇಲಿರುವವನು ಚಿತ್ರದಲ್ಲೂ ಮೇಲೆಯೇ ಇದ್ದಾನೆ, ಆದರೆ ಸಣ್ಣದಾಗಿ. ಕೆಳಗಿಳಿಯುತ್ತಿರುವವನು ನಮಗೆ ಹತ್ತಿರ, ಆಕಾರದಲ್ಲಿ ದೊಡ್ಡವನು. ಎತ್ತರ ಒಬ್ಬನಿಗೆ, ಗಾತ್ರ ಇನ್ನೊಬ್ಬನಿಗೆ. ಟೆನಿಯಲ್ ದೊರೆಯನ್ನು ಬೈಯಲಿಲ್ಲ. ಹಡಗಿನಿಂದ ಭಾರವಾದದ್ದೇನೋ ಇಳಿದು ಹೋಗುತ್ತಿದೆ ಎಂದು ನಮಗೇ ಅನ್ನಿಸುವಂತೆ ಮಾಡಿದ.

ಎರಡನೆಯದು ಡೇವಿಡ್ ಲೋ ಅವರದು, 1939ರ ಸೆಪ್ಟೆಂಬರ್ 20ರ ‘ಈವನಿಂಗ್ ಸ್ಟಾಂಡರ್ಡ್’ ಪತ್ರಿಕೆಯದು. ಆಗಸ್ಟ್ ತಿಂಗಳಲ್ಲಿ ಹಿಟ್ಲರ್ ಮತ್ತು ಸ್ಟಾಲಿನ್ ಪರಸ್ಪರ ಯುದ್ಧ ಮಾಡುವುದಿಲ್ಲವೆಂದು ಒಪ್ಪಂದ ಮಾಡಿಕೊಂಡಿದ್ದರು. ಸೆಪ್ಟೆಂಬರ್ 1ರಂದು ಜರ್ಮನಿ, 17ರಂದು ಸೋವಿಯತ್ ರಷ್ಯಾ ಪೋಲೆಂಡಿನೊಳಗೆ ನುಗ್ಗಿದವು. ಲೋ ಅವರ ಚಿತ್ರದಲ್ಲಿ ಒಂದು ಬದಿಗೆ ಹಿಟ್ಲರ್, ಇನ್ನೊಂದು ಬದಿಗೆ ಸ್ಟಾಲಿನ್. ಇಬ್ಬರೂ ಟೊಪ್ಪಿಗೆ ತೆಗೆದು ಒಬ್ಬರಿಗೊಬ್ಬರು ನಡು ಬಾಗಿಸಿ ವಂದಿಸುತ್ತಿದ್ದಾರೆ. ಒಬ್ಬ ಇನ್ನೊಬ್ಬನನ್ನು ಲೋಕದ ಹೊಲಸು ಎಂದೂ, ಅವನು ಇವನನ್ನು ಕಾರ್ಮಿಕರ ಕೊಲೆಗಡುಕ ಎಂದೂ ಬಹಳ ಸಭ್ಯವಾಗಿ ವಿಚಾರಿಸಿಕೊಳ್ಳುತ್ತಾರೆ. ಇಬ್ಬರ ನಡುವೆ ನೆಲದ ಮೇಲೆ ಒಂದು ಹೆಣ ಬಿದ್ದಿದೆ.

ಮಾತುಗಳು ಚುರುಕಾಗಿವೆ, ನಿಜ. ಆದರೆ ಅವನ್ನು ಮುಚ್ಚಿ ನೋಡಿ. ಚಿತ್ರದ ಎಡ ಅರ್ಧ, ಬಲ ಅರ್ಧ ಹೆಚ್ಚುಕಡಿಮೆ ಕನ್ನಡಿಯ ಬಿಂಬದಂತಿವೆ: ಅದೇ ಬಾಗು, ಅದೇ ಟೊಪ್ಪಿಗೆ, ಅದೇ ವಿನಯ. ಬೇರೆ ಬೇರೆ ಸಿದ್ಧಾಂತ ಹೇಳುತ್ತಿದ್ದ ಇಬ್ಬರನ್ನು ತಕ್ಕಡಿಯ ಎರಡು ತಟ್ಟೆಗಳಂತೆ ಸಮವಾಗಿ ತೂಗಿಟ್ಟದ್ದೇ ಲೋ ಹೊರಿಸಿದ ಆರೋಪ. ತಕ್ಕಡಿಯ ಮುಳ್ಳು ಇರಬೇಕಾದ ಜಾಗದಲ್ಲಿ ಹೆಣವಿದೆ. ಒಬ್ಬನನ್ನು ತುಸು ದೊಡ್ಡದಾಗಿ ಬರೆದಿದ್ದರೂ ಈ ಅರ್ಥ ಒಡೆದುಹೋಗುತ್ತಿತ್ತು.

ಇನ್ನು ನಮ್ಮ ದೇಶಕ್ಕೆ ಬರೋಣ. ತುರ್ತುಪರಿಸ್ಥಿತಿ ಘೋಷಣೆಯಾದದ್ದು 1975ರ ಜೂನ್ 25ರ ರಾತ್ರಿ. ಪತ್ರಿಕೆಗಳ ಮೇಲೆ ಸೆನ್ಸಾರ್ ಬಂತು. ಅಂಥ ಕಾಲದಲ್ಲಿ, ಡಿಸೆಂಬರ್ 10ರಂದು, ‘ಇಂಡಿಯನ್ ಎಕ್ಸ್‌ಪ್ರೆಸ್’ನಲ್ಲಿ ಅಬು ಅಬ್ರಹಾಂ ಅವರ ಒಂದು ಚಿತ್ರ ಪ್ರಕಟವಾಯಿತು. ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಸ್ನಾನದ ತೊಟ್ಟಿಯಲ್ಲಿ ಕುಳಿತಿದ್ದಾರೆ. ಸಹಿ ಮಾಡಿದ ಕಾಗದವನ್ನು ಬಾಗಿಲಿನತ್ತ ಚಾಚಿದ್ದಾರೆ. ಇನ್ನೂ ಸುಗ್ರೀವಾಜ್ಞೆಗಳಿದ್ದರೆ ಸ್ವಲ್ಪ ಕಾಯಲು ಹೇಳಿ ಎಂಬುದು ಅವರ ಮಾತಿನ ತಾತ್ಪರ್ಯ. ಪೌರನೀತಿ ಪಾಠದಲ್ಲಿ ನೀವು ಓದಿದ್ದೀರಿ: ಸಂಸತ್ತಿನ ಅಧಿವೇಶನ ಇಲ್ಲದ ವೇಳೆಯಲ್ಲಿ, ತಕ್ಷಣ ಕ್ರಮ ಅಗತ್ಯವಾದರೆ, ಸಂವಿಧಾನದ 123ನೆಯ ವಿಧಿಯಂತೆ ರಾಷ್ಟ್ರಪತಿಗಳು ಸುಗ್ರೀವಾಜ್ಞೆ ಹೊರಡಿಸಬಹುದು. ಆ ಒಣ ವಾಕ್ಯ ಇಲ್ಲಿ ನೀರಿನ ತೊಟ್ಟಿಗೆ ಬಿದ್ದಿದೆ.

ಅಬು ಅವರ ಗೆರೆ ಬಹಳ ಜಿಪುಣ ಗೆರೆ. ನೆರಳು, ಅಲಂಕಾರ ಕಡಿಮೆ. ರಾಷ್ಟ್ರಪತಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಶೆರ್ವಾನಿ, ಅಂಗರಕ್ಷಕರು, ವಿಶಾಲವಾದ ಭವನ. ಅಬು ಅದೆಲ್ಲವನ್ನೂ ತೆಗೆದುಹಾಕಿ ದೇಶದ ಪ್ರಥಮ ಪ್ರಜೆಯನ್ನು ಬಚ್ಚಲುಮನೆಯ ನಾಲ್ಕು ಗೋಡೆಯೊಳಗೆ ಕೂರಿಸಿದರು. ಬಟ್ಟೆಯಿಲ್ಲದ ಮನುಷ್ಯ ಎದ್ದು ಹೋಗಲಾರ, ಕಾಗದವನ್ನು ತಿರುಗಿಸಿ ಓದಲಾರ, ‘ಬೇಡ’ ಎನ್ನುವ ಗತ್ತೂ ಅವನಿಗಿಲ್ಲ. ಆ ಬಾಗಿಲನ್ನು ಗಮನಿಸಿ. ಅದು ಇಲ್ಲದೆ ಹೋಗಿದ್ದರೆ ಇದು ಒಬ್ಬ ವ್ಯಕ್ತಿಯ ಸ್ನಾನದ ತಮಾಷೆ ಮಾತ್ರ. ಬಾಗಿಲು ಇರುವುದರಿಂದ ಅದರಾಚೆ ಯಾರಿದ್ದಾರೆ ಎಂಬ ಪ್ರಶ್ನೆ ಏಳುತ್ತದೆ. ಪ್ರಧಾನಿ ಇಂದಿರಾ ಗಾಂಧಿಯವರು ಈ ಚಿತ್ರದಲ್ಲಿ ಎಲ್ಲಿಯೂ ಇಲ್ಲ. ಚೌಕಟ್ಟಿನಾಚೆ ಉಳಿದವರನ್ನು ಓದುಗ ತಾನೇ ಎಳೆದು ತಂದುಕೊಳ್ಳುತ್ತಾನೆ. ಸೆನ್ಸಾರಿನವರು ಪದಗಳನ್ನು ಹೊಡೆದುಹಾಕಬಲ್ಲರು. ಬರೆಯದೇ ಬಿಟ್ಟ ಆಕೃತಿಯನ್ನು ಹೊಡೆಯುವುದು ಹೇಗೆ?

ಆರ್.ಕೆ. ಲಕ್ಷ್ಮಣ್ ಅವರ ಹೆಸರು ಹೇಳದೆ ಮುಂದೆ ಹೋದರೆ ಮೈಸೂರಿನವರು ಸುಮ್ಮನಿರಲಾರರು. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಮಹಾರಾಜ ಕಾಲೇಜಿನಲ್ಲಿ ಓದಿ, ‘ರಾಶಿ’ಯವರ ‘ಕೊರವಂಜಿ’ಗೆ ಚಿತ್ರ ಬರೆದು, ಆಮೇಲೆ ಮುಂಬಯಿಯ ‘ಟೈಮ್ಸ್ ಆಫ್ ಇಂಡಿಯಾ’ ಸೇರಿದವರು. 2015ರಲ್ಲಿ ತೀರಿಕೊಂಡರು. ಅವರ ‘ಸಾಮಾನ್ಯ ಮನುಷ್ಯ’ ಮಾತನಾಡುವುದಿಲ್ಲ. ಆದರೂ ಗುಂಪಿನ ನಡುವೆ ಅವನು ಕಣ್ಣಿಗೆ ಬೀಳುವುದು ಏಕೆ? ಕೋಟಿನ ಚೌಕುಳಿಯಿಂದ. ಮಂತ್ರಿಗಳ ಬಿಳಿ ಖಾದಿಯ ಪಕ್ಕದಲ್ಲಿ ಆ ಒತ್ತೊತ್ತಾದ ಚೌಕುಳಿ ಗೆರೆಗಳು ಕಣ್ಣನ್ನು ಹಿಡಿದು ನಿಲ್ಲಿಸುತ್ತವೆ. ಅವನು ಸಾಮಾನ್ಯವಾಗಿ ನಡುಮಧ್ಯದಲ್ಲಿರದೆ ಬದಿಯಲ್ಲೇ ಇರುತ್ತಾನೆ, ನಾವು ಓದುಗರು ಪತ್ರಿಕೆಯ ಆಚೆ ನಿಂತು ನೋಡುವ ಹಾಗೆ.

ಇದುವರೆಗೆ ಚಿತ್ರಕಾರ ಬಯಸಿದ ಅರ್ಥವೇ ನಮಗೂ ತಲುಪಿದ ಉದಾಹರಣೆಗಳನ್ನು ನೋಡಿದೆವು. ಎಲ್ಲ ಸಲವೂ ಹಾಗಾಗುವುದಿಲ್ಲ. ಗೆರೆ ಕಾಗದದ ಮೇಲೆ ಹಾಗೆಯೇ ಉಳಿಯುತ್ತದೆ, ನೋಡುವವರು ಬದಲಾಗುತ್ತಾರೆ. ನಿಮ್ಮಂಥ ವಿದ್ಯಾರ್ಥಿಗಳ ಪಠ್ಯಪುಸ್ತಕದಲ್ಲೇ ನಡೆದ ಒಂದು ಪ್ರಸಂಗ ಇದಕ್ಕೆ ಸಾಕ್ಷಿ.

1949ರ ಆಗಸ್ಟ್‌ನಲ್ಲಿ ‘ಶಂಕರ್ಸ್ ವೀಕ್ಲಿ’ಯಲ್ಲಿ ಶಂಕರ್ ಒಂದು ಚಿತ್ರ ಬರೆದರು. ಸಂವಿಧಾನ ರಚನಾ ಸಭೆ ಮೊದಲು ಸೇರಿದ್ದು 1946ರ ಡಿಸೆಂಬರ್ 9ರಂದು. ಸಂವಿಧಾನ ಅಂಗೀಕಾರವಾದದ್ದು 1949ರ ನವೆಂಬರ್ 26ರಂದು. ಕೆಲಸ ಮುಗಿಯಲು ಇನ್ನೂ ಮೂರು ತಿಂಗಳಿರುವಾಗ ಶಂಕರ್ ಅದನ್ನು ಬಸವನಹುಳುವಾಗಿ ಕಂಡರು. ಹುಳುವಿನ ಮೇಲೆ ಕರಡು ಸಮಿತಿಯ ಅಧ್ಯಕ್ಷರಾದ ಡಾ. ಅಂಬೇಡ್ಕರ್ ಚಾವಟಿ ಹಿಡಿದು ಕುಳಿತಿದ್ದಾರೆ. ಹಿಂದುಗಡೆ ನೆಹರೂ, ಅವರ ಕೈಯಲ್ಲೂ ಚಾವಟಿ. ಸುತ್ತ ನೋಡುವ ಜನ.

ಈ ಚಿತ್ರ 2006ರಿಂದ ಎನ್‌ಸಿಇಆರ್‌ಟಿಯ ಹನ್ನೊಂದನೆಯ ತರಗತಿಯ ರಾಜ್ಯಶಾಸ್ತ್ರ ಪುಸ್ತಕದಲ್ಲಿತ್ತು. ಸಂವಿಧಾನ ರಚನೆಗೆ ಅಷ್ಟು ಕಾಲ ಏಕೆ ಬೇಕಾಯಿತೆಂದು ವಿದ್ಯಾರ್ಥಿಗಳು ಯೋಚಿಸಲಿ ಎಂಬುದು ಅಲ್ಲಿನ ಉದ್ದೇಶ. 2012ರ ಮೇ ತಿಂಗಳಲ್ಲಿ ಸಂಸತ್ತಿನಲ್ಲಿ ಅದರ ಮೇಲೆ ಕೋಲಾಹಲವೆದ್ದಿತು. ಸರಕಾರ ಕ್ಷಮೆ ಕೇಳಿತು, ಚಿತ್ರವನ್ನು ತೆಗೆಯುವುದಾಗಿ ಹೇಳಿತು. ಪುಸ್ತಕದ ಸಲಹೆಗಾರರಾಗಿದ್ದ ಸುಹಾಸ್ ಪಳಶೀಕರ್ ಮತ್ತು ಯೋಗೇಂದ್ರ ಯಾದವ್ ರಾಜೀನಾಮೆ ಕೊಟ್ಟರು.

ಒಂದು ಪಕ್ಷದವರು ಹೇಳಿದ್ದು: ಇಬ್ಬರ ಚಾವಟಿಯೂ ಹುಳುವಿಗೇ, ಇಬ್ಬರೂ ಅವಸರಪಡಿಸುತ್ತಿದ್ದಾರೆ. ಇನ್ನೊಂದು ಪಕ್ಷದವರು ಕಂಡದ್ದು: ಅಂಬೇಡ್ಕರರ ಬೆನ್ನ ಹಿಂದೆ ಎತ್ತಿದ ಚಾವಟಿ. ಯಾರು ಸುಳ್ಳು ಹೇಳಿದರು? ಇಬ್ಬರೂ ಅಲ್ಲ ಎಂದೇ ನಾನು ತಿಳಿಯುತ್ತೇನೆ. ಹುಳು, ಅಂಬೇಡ್ಕರ್, ನೆಹರೂ ಒಬ್ಬರ ಹಿಂದೆ ಒಬ್ಬರಂತೆ ಬಂದಿದ್ದಾರೆ. ಹಿಂದಿನವರ ಕೈಯ ಚಾವಟಿಗೆ ಮುಂದೆ ಮೊದಲು ಸಿಗುವುದು ಹುಳುವಲ್ಲ, ಒಂದು ಬೆನ್ನು. 1949ರ ಓದುಗನಿಗೆ ಚಾವಟಿ ಎಂದರೆ ಅವಸರದ ಗುರುತಾಗಿದ್ದಿರಬಹುದು. ತಲೆಮಾರುಗಳಿಂದ ಚಾವಟಿಯ ಏಟು ಯಾರ ಬೆನ್ನಿನ ಮೇಲೆ ಬಿದ್ದಿದೆ ಎಂದು ಬಲ್ಲ ಮನೆಯ ಹುಡುಗನಿಗೆ ಅದು ಬರೀ ಗುರುತಲ್ಲ. ಪಕ್ಕದಲ್ಲಿ ಅಚ್ಚು ಮಾಡಿದ ಪ್ರಶ್ನೆ ಎಷ್ಟೇ ಒಳ್ಳೆಯದಿರಲಿ, ಆ ಜೋಡಣೆ ಹೇಳುವುದನ್ನು ಅದು ಅಳಿಸಲಾರದು. ಚಿತ್ರವನ್ನು ತೆಗೆದದ್ದು ಸರಿಯೆಂದು ನನಗೆ ಅನ್ನಿಸುವುದಿಲ್ಲ. ತರಗತಿಯಲ್ಲಿ ಈ ಎರಡು ನೋಟಗಳನ್ನೂ ಎದುರಿಗಿಟ್ಟು ಚರ್ಚಿಸುವ ಅವಕಾಶ ಅದರಿಂದ ತಪ್ಪಿತು.

ಒಂದು ಕೆಲಸ ಮಾಡಿ. ಚಿತ್ರ ಚೆನ್ನಾಗಿ ಬರಬೇಕೆಂದಿಲ್ಲ, ಕಡ್ಡಿಗೊಂಬೆಗಳಾದರೂ ಸಾಕು. ಹಾಳೆಯ ಮೇಲೆ ಬಸವನಹುಳು, ಅದರ ಮೇಲೊಬ್ಬರು, ಹಿಂದೆ ಚಾವಟಿ ಹಿಡಿದ ಇನ್ನೊಬ್ಬರನ್ನು ಬರೆಯಿರಿ. ಪಕ್ಕದಲ್ಲೇ ಅದೇ ಚಿತ್ರವನ್ನು ಮತ್ತೊಮ್ಮೆ ಬರೆಯಿರಿ, ಈ ಸಲ ಹಿಂದಿನವರನ್ನು ಹುಳುವಿನ ಮುಂದಕ್ಕೆ ತಂದು, ಚಾವಟಿಯ ಬದಲು ಕೈಗೆ ಹಗ್ಗ ಕೊಟ್ಟು ಎಳೆಯುವಂತೆ ನಿಲ್ಲಿಸಿ. ಎರಡನ್ನೂ ಅಡಿಬರಹವಿಲ್ಲದೆ ಗೆಳೆಯನಿಗೆ ತೋರಿಸಿ, ಏನು ನಡೆಯುತ್ತಿದೆ ಎಂದು ಕೇಳಿ ನೋಡಿ.