'ಬೆಳವಣಿಗೆ ಇಲ್ಲ' ಎಂದರೇನು?



ಸೂಕ್ಷ್ಮಜೀವಿಶಾಸ್ತ್ರ ಪಾಠ ಹೇಳಿಕೊಂಡು ಬಂದವಳು ನಾನು. ಇಲ್ಲಿಯೂ ಅದನ್ನೇ ಹೇಳುತ್ತೇನೆ. ಗುಪ್ತಾಂಗದಲ್ಲಿ ಹುಣ್ಣಾದ ಹೆಂಗಸಿನ ಕೈಗೆ ಪ್ರಯೋಗಶಾಲೆಯ ಚೀಟಿ ಬರುತ್ತದೆ: 'ಬೆಳವಣಿಗೆ ಇಲ್ಲ.' ಅತ್ತೆಮನೆಯವರು ಅದನ್ನೇ ಹಿಡಿದು, ರೋಗವೇ ಇಲ್ಲ, ನಮ್ಮ ಹುಡುಗನ ಮೇಲೆ ಅಪವಾದ ಹೊರಿಸುತ್ತಾಳೆ ಎಂದುಬಿಡುತ್ತಾರೆ. ಆ ಚೀಟಿಗೆ ಅಷ್ಟು ಅಧಿಕಾರ ಉಂಟೇ?

ಇಂಥ ಹುಣ್ಣಿಗೆ ಹರ್ಪಿಸ್, ಸಿಫಿಲಿಸ್, ಶ್ಯಾಂಕ್ರಾಯ್ಡ್ ಮುಂತಾದ ಕಾರಣಗಳಿವೆ. ಶ್ಯಾಂಕ್ರಾಯ್ಡ್ ಈಗ ವಿರಳ. ಅದರ ಬ್ಯಾಕ್ಟೀರಿಯಾವನ್ನು 1889ರಲ್ಲಿ ಗುರುತಿಸಿದವನು ಇಟಲಿಯ ಅಗಸ್ಟೋ ಡ್ಯುಕ್ರೆ. ಹೆಸರು ಹೀಮೋಫಿಲಸ್ ಡ್ಯುಕ್ರೆಯಿ, ಅಂದರೆ ರಕ್ತಪ್ರಿಯ. ಬಲು ನಾಜೂಕಿನ ಜೀವಿ. ಅದಕ್ಕೆ ರಕ್ತವನ್ನು ಕಾಯಿಸಿ ಬೆರೆಸಿದ 'ಚಾಕೊಲೇಟ್ ಅಗರ್' ಬೇಕು (ಬಣ್ಣ ಮಾತ್ರ ಚಾಕೊಲೇಟಿನದು), ಸೀರಮ್ ಬೇಕು, ಬೇರೆ ಬ್ಯಾಕ್ಟೀರಿಯಾಗಳು ಮುತ್ತದಂತೆ ವ್ಯಾಂಕೋಮೈಸಿನ್ ಬೇಕು. ಮಾಮೂಲಿನ 37 ಡಿಗ್ರಿ ಶಾಖ ಅದಕ್ಕೆ ಹೆಚ್ಚಾಯಿತು. 33ರ ಆಸುಪಾಸಿನಲ್ಲಿ, ತೇವವಿರುವಲ್ಲಿ, ಶೇ. 5ರಷ್ಟು ಇಂಗಾಲದ ಡೈಆಕ್ಸೈಡಿನಲ್ಲಿ ಇಟ್ಟು ಎರಡು ಮೂರು ದಿನ ಕಾಯಬೇಕು. ಬೆಳೆದ ಗುಂಪನ್ನು ತಂತಿಯ ಕುಣಿಕೆಯಿಂದ ದೂಡಿದರೆ ಒಡೆಯದೆ ಇಡಿಯಾಗಿ ಜಾರುತ್ತದೆ. ಒಮ್ಮೆ ನೋಡಿದ ವಿದ್ಯಾರ್ಥಿನಿ ಅದನ್ನು ಮರೆಯಲಾರಳು.

ಹುಣ್ಣಿನ ತಳದಿಂದ ತೆಗೆಯದೆ ಮೇಲ್ಮೇಲೆ ಒರೆಸಿದರೆ, ತಟ್ಟೆಗೆ ಹಚ್ಚಲು ತಡಮಾಡಿದರೆ, ಅವಳು ಮೊದಲೇ ಯಾವುದೋ ಆ್ಯಂಟಿಬಯೋಟಿಕ್ ನುಂಗಿದ್ದರೆ ಏನೂ ಬೆಳೆಯದೆ ಹೋಗಬಹುದು. ಎಲ್ಲ ಸರಿಯಿದ್ದರೂ ನೂರು ರೋಗಿಗಳಲ್ಲಿ 20ಕ್ಕಿಂತ ಹೆಚ್ಚು ಮಂದಿಯಲ್ಲಿ ಈ ವಿಧಾನ ರೋಗವನ್ನು ಹಿಡಿಯುವುದಿಲ್ಲ. ಪಿಸಿಆರ್ ಇದಕ್ಕಿಂತ ಮೇಲು. ಸಿಫಿಲಿಸ್ ರೋಗಾಣುವಂತೂ ಅಗರ್ ತಟ್ಟೆಯಲ್ಲಿ ಬೆಳೆಯುವುದೇ ಇಲ್ಲ. ಅದನ್ನು ದೇಹದ ಹೊರಗೆ ದೀರ್ಘಕಾಲ ಬೆಳೆಸಿದ ವರದಿ ಬಂದದ್ದು 2018ರಲ್ಲಿ, ಮೊಲದ ಜೀವಕೋಶಗಳ ಜೊತೆಗೆ. ಹಾಗಾಗಿ ಸಿಫಿಲಿಸ್‌ಗೆ ರಕ್ತಪರೀಕ್ಷೆಯೇ ಆಗಬೇಕು.

ಇನ್ನು, ಏನಾದರೂ ಬೆಳೆಯಿತೆನ್ನೋಣ. ಯಾರಿಂದ ಯಾರಿಗೆ ಬಂತೆಂದು ತಟ್ಟೆ ಹೇಳದು. ಹರ್ಪಿಸ್ ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲದು. ಹೆಂಗಸಿನ ಹುಣ್ಣು ಒಳಗಿದ್ದರೆ ಅವಳಿಗೇ ತಿಳಿಯದಿರಬಹುದು. 'ಮೊದಲು ಹುಣ್ಣಾದದ್ದು ಇವಳಿಗೆ' ಎಂಬ ಲೆಕ್ಕಾಚಾರಕ್ಕೆ ವಿಜ್ಞಾನದ ಆಧಾರವಿಲ್ಲ.

ನಮ್ಮ ಸರ್ಕಾರಿ ಕ್ರಮದಲ್ಲಿ ತಟ್ಟೆಗಾಗಿ ಕಾಯುವುದಿಲ್ಲ. ಹರ್ಪಿಸ್ ಅಲ್ಲದ ಹುಣ್ಣಿಗೆ ಬಿಳಿ ಬಣ್ಣದ 3ನೇ ಕಿಟ್: ಪೆನಿಸಿಲಿನ್ ಚುಚ್ಚುಮದ್ದು, ಅಜಿತ್ರೊಮೈಸಿನ್ ಮಾತ್ರೆ. ಎಚ್‌ಐವಿ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಗಂಡನಿಗೆ ಹುಣ್ಣು ಕಾಣದಿದ್ದರೂ ಚಿಕಿತ್ಸೆಯಾಗಬೇಕು. ಇಲ್ಲದಿದ್ದರೆ ವಾಸಿಯಾದವಳಿಗೆ ಮತ್ತೆ ತಗಲುತ್ತದೆ. ಅವಳ ಜೊತೆ ಆಸ್ಪತ್ರೆಗೆ ಹೋಗುವ ನಮ್ಮ ಕಾರ್ಯಕರ್ತೆಯರು ವೈದ್ಯರನ್ನು ಕೇಳಬೇಕಾದದ್ದು ಇದನ್ನೇ: ಅವನ ಔಷಧಿ ಎಲ್ಲಿ?